ಲಾಮು ಹಬ್ಬ: ಹಾಯಿ ದೋಣಿ ಓಟಕ್ಕಾಗಿಯೇ ಹೋಗಿ

ಅಕ್ಟೋಬರ್ ಬಂತೆಂದರೆ ನೈರೋಬಿಯಲ್ಲಿರುವ ನಮ್ಮ ಕನ್ನಡದವರು ನನ್ನನ್ನು ಕೇಳುತ್ತಾರೆ: ‘ಲಾಮು ಹಬ್ಬಕ್ಕೆ ಹೋಗಬಹುದಾ? ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಲ್ವಾ?’ ಹೋಗಿ ಅಂತಲೇ ಹೇಳುತ್ತೇನೆ. ಆದರೆ ಯಾವುದಕ್ಕೆ ಹೋಗುತ್ತಿದ್ದೀರಿ ಅನ್ನೋದು ತಲೆಯಲ್ಲಿರಲಿ. ವೇದಿಕೆ, ಭಾಷಣ, ಕರಕುಶಲ ಸ್ಟಾಲುಗಳು, ಮೆಹಂದಿ ಸ್ಪರ್ಧೆ ಎಲ್ಲ ಇದೆ. ಅವನ್ನು ಬಿಟ್ಟರೂ ದೊಡ್ಡ ನಷ್ಟವಿಲ್ಲ. ಹಾಯಿ ದೋಣಿ ಓಟವನ್ನು ಮಾತ್ರ ಬಿಡಬೇಡಿ. ಆ ಒಂದು ಮಧ್ಯಾಹ್ನಕ್ಕಾಗಿ ವಿಮಾನದ ಟಿಕೆಟ್ ತೆಗೆದರೂ ಸಾರ್ಥಕ.

ಲಾಮು ಕೀನ್ಯಾದ ಉತ್ತರ ಕರಾವಳಿಯ ಒಂದು ದ್ವೀಪ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಬರೀ 2 ಡಿಗ್ರಿ. ಹಳೆಯ ಪಟ್ಟಣವನ್ನು 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹವಳದ ಕಲ್ಲು, ಕಾಂಡ್ಲಾ ಮರದ ತೊಲೆ, ಕೆತ್ತನೆ ತುಂಬಿದ ಬಾಗಿಲುಗಳು. ಬೀದಿಗಳು ಎಷ್ಟು ಕಿರಿದು ಅಂದರೆ ಕಾರು ನುಗ್ಗಲು ಜಾಗವೇ ಇಲ್ಲ. ಮರಳು, ಸಿಮೆಂಟು, ನೀರಿನ ಕ್ಯಾನು, ಎಲ್ಲವನ್ನೂ ಹೊರುವುದು ಕತ್ತೆಗಳು. ದೂರ ಹೋಗಬೇಕೆಂದರೆ ದೋಣಿ. ಹೀಗಾಗಿ ಇಲ್ಲಿನ ದೋಣಿ ಓಟ ಪ್ರವಾಸಿಗರಿಗಾಗಿ ಹೊಸದಾಗಿ ಹುಟ್ಟಿಸಿದ ಆಟವಲ್ಲ. ದಿನಾ ಮೀನು ಹಿಡಿಯುವ, ಸಾಮಾನು ಸಾಗಿಸುವ ದೋಣಿಗಳೇ ಅವತ್ತು ಓಟಕ್ಕೆ ಇಳಿಯುತ್ತವೆ.

ನಾನು ಕಾರವಾರದ ಬೈತಖೋಲದವನು. ನಮ್ಮಜ್ಜ ಮಚವೆ ಅನ್ನುವ ಹಾಯಿ ಹಡಗಿನಲ್ಲಿ ಕೆಲಸ ಮಾಡಿದವರು. ನಾನು ಕಣ್ಣು ಬಿಡುವ ಹೊತ್ತಿಗೆ ನಮ್ಮ ಬಂದರಿನಲ್ಲಿ ಹಾಯಿ ಹೋಗಿ ಇಂಜಿನ್ ಬಂದಾಗಿತ್ತು. ಹಾಯಿ ದೋಣಿ ಅಂದರೆ ಅಜ್ಜನ ಮಾತಿನಲ್ಲಿ ಕೇಳಿದ್ದು, ಅಷ್ಟೇ. ಲಾಮುವಿನಲ್ಲಿ ಅವು ಇನ್ನೂ ದುಡಿಯುತ್ತಿವೆ. ಈ ಬರಹ ಸ್ವಲ್ಪ ಉತ್ಸಾಹದಲ್ಲಿ ಇರುವುದಕ್ಕೆ ಅದೂ ಒಂದು ಕಾರಣ.

ಓಟದ ಹಿಂದಿನ ದಿನವೇ ದಡದ ಮೇಲೆ ಒಂದು ಸುತ್ತು ಹಾಕಿ. ಇಳಿತದ ಹೊತ್ತಿಗೆ ಹೋದರೆ ಒಳ್ಳೆಯದು, ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿರುತ್ತವೆ. ಓಟಕ್ಕೆ ಬರುವುದು ಹೆಚ್ಚಾಗಿ ‘ಮಶುವಾ’ ಅನ್ನುವ ಜಾತಿ. ಒಂದೇ ಕಂಬ, ಅದಕ್ಕೆ ಓರೆಯಾಗಿ ತೂಗುವ ಉದ್ದನೆಯ ಮರದ ದಬ್ಬೆ, ಅದರ ಉದ್ದಕ್ಕೂ ಕಟ್ಟಿದ ಮೂರು ಮೂಲೆಯ ಹಾಯಿ. ಮೂತಿಯ ಎರಡೂ ಕಡೆ ಮರದ ದುಂಡನೆಯ ಬಿಲ್ಲೆ ಹೊಡೆದು ಕಣ್ಣಿನ ಹಾಗೆ ಬಣ್ಣ ಬಳಿದಿರುತ್ತಾರೆ. ಹಿಂದಿನ ಹಲಗೆಯ ಮೇಲೆ ದೋಣಿಯ ಹೆಸರು. ನಾನು ನೋಡಿದ ದೋಣಿಯ ತಳಕ್ಕೆ ಇಬ್ಬರು ಹುಡುಗರು ಮೊಣಕೈವರೆಗೂ ಕೈ ಮುಳುಗಿಸಿ ಎಣ್ಣೆ ಸವರುತ್ತಿದ್ದರು. ಪಕ್ಕದಲ್ಲಿ ಒಬ್ಬ ಮುದುಕ ಹಲಗೆಯ ಸಂದಿಗೆ ಹತ್ತಿ ತುರುಕಿ, ಉಳಿಯ ಹಿಂಭಾಗದಿಂದ ಮೆಲ್ಲಗೆ ತಟ್ಟುತ್ತಿದ್ದ. ಪ್ರತಿ ಸಂದಿಗೂ ಕಿವಿ ಹತ್ತಿರ ಒಯ್ದು ಸದ್ದು ಕೇಳುತ್ತಿದ್ದ. ಮನಸ್ಸಿಗೆ ಬಾರದಿದ್ದರೆ ಹತ್ತಿ ಕಿತ್ತು ಮತ್ತೆ ತುರುಕುತ್ತಿದ್ದ. ಅರ್ಧ ಗಂಟೆ ನಿಂತು ನೋಡಿದರೂ ಬೇಜಾರಾಗಲಿಲ್ಲ.

ಓಟದ ದಿನ ದೋಣಿಗಳು ಲಾಮು ಮತ್ತು ಎದುರಿನ ಮಾಂಡಾ ದ್ವೀಪದ ನಡುವಿನ ಕಾಲುವೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಹಾಯಿಗಳನ್ನು ದಬ್ಬೆಗೆ ಸುತ್ತಿ, ತೆಳುವಾದ ನಾರಿನಿಂದ ಅಲ್ಲಲ್ಲಿ ಕಟ್ಟಿರುತ್ತಾರೆ. ಸೂಚನೆ ಬಿದ್ದ ತಕ್ಷಣ ಹಿಂದಿನವನು ಹಗ್ಗವನ್ನು ಜೋರಾಗಿ ಎಳೆಯುತ್ತಾನೆ. ನಾರು ಪಟಪಟ ಅಂತ ಕಿತ್ತುಕೊಂಡು, ಇಡೀ ಹಾಯಿ ಒಂದೇ ಸಲಕ್ಕೆ ಬಿಚ್ಚಿ ಗಾಳಿ ತುಂಬಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಹೀಗೆ ಬಿಚ್ಚುವಾಗ ದಡದ ಮೇಲಿದ್ದ ಹೆಂಗಸರು ಹಾಕುವ ಕೇಕೆ ಇದೆಯಲ್ಲ, ಮೈ ಜುಮ್ ಅನ್ನುತ್ತದೆ.

ದೋಣಿಯಲ್ಲಿ ಏಳೆಂಟು ಜನ. ಗಾಳಿ ಬರುವ ಕಡೆಗೆ ಒಂದು ಉದ್ದನೆಯ ಹಲಗೆಯನ್ನು ಹೊರಗೆ ಚಾಚಿರುತ್ತಾರೆ. ಗಾಳಿ ಜಾಸ್ತಿ ಆದ ಹಾಗೆ ಹುಡುಗರು ಒಬ್ಬೊಬ್ಬರಾಗಿ ಆ ಹಲಗೆಯ ಮೇಲೆ ಹೋಗಿ ನಿಲ್ಲುತ್ತಾರೆ, ಇಲ್ಲವಾದರೆ ದೋಣಿ ಮಗುಚುತ್ತದೆ. ಗಾಳಿ ಸತ್ತರೆ ಓಡಿ ಒಳಗೆ ಬರಬೇಕು. ತಳದಲ್ಲಿ ಮರಳಿನ ಚೀಲಗಳು ಇರುತ್ತವೆ, ಅವನ್ನೂ ಅತ್ತಿಂದಿತ್ತ ಎಳೆಯುತ್ತಾರೆ. ಒಬ್ಬನ ಕೆಲಸ ಮೊದಲಿಂದ ಕೊನೆವರೆಗೆ ಒಳಗೆ ಬಂದ ನೀರನ್ನು ಮೊಗೆದು ಹೊರಗೆ ಚೆಲ್ಲುವುದು. ಅವನು ತಲೆ ಎತ್ತಿ ಓಟವನ್ನು ನೋಡುವುದೇ ಇಲ್ಲ. ಚುಕ್ಕಾಣಿ ಹಿಡಿದ ನಹೋದಾ, ಅಂದರೆ ದೋಣಿಯ ಮುಖ್ಯಸ್ಥ, ಜಾಸ್ತಿ ಕೂಗಾಡುವುದಿಲ್ಲ. ಒಂದೊಂದೇ ಶಬ್ದ ಹೇಳುತ್ತಾನೆ, ಹುಡುಗರು ಆಗಲೇ ಓಡಿರುತ್ತಾರೆ.

ನಿಜವಾದ ಪರೀಕ್ಷೆ ಇರುವುದು ತಿರುವಿನಲ್ಲಿ. ಇದನ್ನು ಗಮನಿಸದೆ ಬಂದರೆ ಓಟದ ಅರ್ಧ ನೋಡದ ಹಾಗೆಯೇ. ಈಗಿನ ವಿಹಾರದ ದೋಣಿಗಳಲ್ಲಿ ದಿಕ್ಕು ಬದಲಿಸಿದರೆ ಹಾಯಿ ತಾನಾಗಿ ಆ ಕಡೆಗೆ ಹೊರಳುತ್ತದೆ. ಇಲ್ಲಿ ಹಾಗಲ್ಲ. ದಬ್ಬೆ ಕಂಬದ ಒಂದು ಮಗ್ಗುಲಿಗೆ ಇರುತ್ತದೆ. ಅದನ್ನು ಇನ್ನೊಂದು ಮಗ್ಗುಲಿಗೆ ತರಬೇಕೆಂದರೆ ದೋಣಿಯ ಬೆನ್ನಿಗೆ ಗಾಳಿ ಬರುವ ಹಾಗೆ ತಿರುಗಿಸಿ, ಹಗ್ಗ ಸಡಿಲ ಬಿಟ್ಟು, ಆ ಉದ್ದನೆಯ ದಬ್ಬೆಯನ್ನು ನೆಟ್ಟಗೆ ನಿಲ್ಲಿಸಿ, ಹಾಯಿಯ ಮೂಲೆಯನ್ನು ಕಂಬದ ಮುಂದಿನಿಂದ ಸುತ್ತಿಸಿ ಆಚೆಗೆ ಒಯ್ಯಬೇಕು. ಆ ಕೆಲವು ಗಳಿಗೆ ಹಾಯಿ ಯಾರ ಕೈಯಲ್ಲೂ ಇರುವುದಿಲ್ಲ. ಬಟ್ಟೆ ಬಡಿದಾಡುತ್ತದೆ, ದೋಣಿ ಹೊಯ್ದಾಡುತ್ತದೆ, ಹಲಗೆಯ ಮೇಲಿದ್ದವರು ಇಳಿದು ಹಲಗೆಯನ್ನೂ ಆ ಕಡೆಗೆ ದಾಟಿಸಬೇಕು. ಒಬ್ಬ ತಡ ಮಾಡಿದರೆ ಸಾಕು, ಹಿಂದಿನ ದೋಣಿ ಒಳಗಿನಿಂದ ನುಗ್ಗಿ ಮುಂದೆ ಹೋಗುತ್ತದೆ.

ನಾನು ನೋಡಿದ ವರ್ಷ ಮೊದಲ ತಿರುವಿನವರೆಗೂ ಒಂದು ದೋಣಿ ಚೆನ್ನಾಗಿ ಮುಂದಿತ್ತು. ಹೊಸ ಬಿಳಿ ಹಾಯಿ, ನೋಡಲು ಚೆಂದ. ತಿರುವಿನಲ್ಲಿ ಹಗ್ಗ ಒಂದು ಗೂಟಕ್ಕೆ ಸಿಕ್ಕಿಕೊಂಡಿತು. ಬಿಡಿಸುವ ಹೊತ್ತಿಗೆ ಮೂರನೆಯ ಸ್ಥಾನದಲ್ಲಿದ್ದ, ತೇಪೆ ಹಾಕಿದ ಕಂದು ಹಾಯಿಯ ದೋಣಿ ತಿರುವಿನ ಗುರುತನ್ನು ಮುಟ್ಟುವಷ್ಟು ಹತ್ತಿರದಿಂದ ಸುತ್ತಿ ಹೊರಟೇ ಬಿಟ್ಟಿತ್ತು. ಅದರಲ್ಲಿ ಒಬ್ಬ ಹುಡುಗ ದಬ್ಬೆಯ ಬುಡವನ್ನು ಹೆಗಲ ಮೇಲೆ ಇಟ್ಟುಕೊಂಡೇ ಕಂಬದ ಸುತ್ತ ಓಡಿದ್ದನ್ನು ನಾನು ಮರೆಯುವುದಿಲ್ಲ. ಕೊನೆಗೆ ಗೆದ್ದದ್ದೂ ಅದೇ ದೋಣಿ. ದಡಕ್ಕೆ ಬಂದಾಗ ಅವರ ಹಳ್ಳಿಯವರು ಸೊಂಟದವರೆಗೂ ನೀರಿಗಿಳಿದು ಹಾಡುತ್ತಾ ನಹೋದಾನನ್ನು ಎತ್ತಿಕೊಂಡರು. ಗೆದ್ದದ್ದು ದೋಣಿಯಷ್ಟೇ ಅಲ್ಲ, ಹಳ್ಳಿ. ಮಾತೊಂಡೋನಿಯಂಥ ದೋಣಿ ಕಟ್ಟುವ ಊರುಗಳಿಗೆ ಇದು ಮರ್ಯಾದೆಯ ಪ್ರಶ್ನೆ.

ಗಾಳಿಯ ಬಗ್ಗೆ ಒಂದು ಮಾತು. ಈ ತೀರದಲ್ಲಿ ವರ್ಷಕ್ಕೆ ಎರಡು ಗಾಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ‘ಕಸ್ಕಾಝಿ’, ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ದಕ್ಷಿಣದ ‘ಕೂಸಿ’. ಅರಬ್ಬರ, ನಮ್ಮ ಕಡೆಯ ಹಡಗುಗಳು ಮೊದಲನೆಯದರಲ್ಲಿ ಬಂದು ಎರಡನೆಯದರಲ್ಲಿ ವಾಪಸಾಗುತ್ತಿದ್ದವು. ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ವಾಸ್ಕೋ ಡ ಗಾಮನೇ ಸಾಕ್ಷಿ. 1498ರ ಏಪ್ರಿಲ್ 24ಕ್ಕೆ ಲಾಮುವಿನ ದಕ್ಷಿಣದ ಮಾಲಿಂಡಿ ಬಿಟ್ಟವನು, ಅಲ್ಲಿ ಸಿಕ್ಕ ದಾರಿ ಬಲ್ಲವನ ನೆರವಿನಿಂದ ಮೇ 20ಕ್ಕೆ ಕಲ್ಲಿಕೋಟೆಯ ಹತ್ತಿರ ಇದ್ದ. ವಾಪಸು ಬರುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಅಕ್ಟೋಬರಿನಲ್ಲಿ, ಗಾಳಿ ತಿರುಗುವ ಮುಂಚೆಯೇ ಹೊರಟ. ಆಫ್ರಿಕಾದ ದಡ ಕಂಡಾಗ 1499ರ ಜನವರಿ. ಸುಮಾರು ಮೂರು ತಿಂಗಳು. ಬಹಳ ಜನ ನಾವಿಕರು ದಾರಿಯಲ್ಲೇ ಸತ್ತರು.

ಹಬ್ಬ ನಡೆಯುವುದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಅಂದರೆ ಒಂದು ಗಾಳಿ ಹೋಗಿ ಇನ್ನೊಂದು ಶುರುವಾಗುವ ಸಮಯ. ಬೆಳಿಗ್ಗೆ ಎಲೆ ಅಲ್ಲಾಡದ ಹಾಗಿದ್ದು, ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಬೀಸುತ್ತದೆ. ಯಾವ ಮೂಲೆಯಿಂದ ಬರುತ್ತದೆ ಅನ್ನೋದನ್ನು ನೀರಿನ ಮೇಲಿನ ಸುಕ್ಕು ನೋಡಿಯೇ ಹೇಳಬೇಕು. ಹಾಗಾಗಿ ಬಲದ ಜೊತೆ ಕಣ್ಣೂ ಚುರುಕಾಗಿದ್ದವನು ಗೆಲ್ಲುತ್ತಾನೆ. ನನಗೆ ಇದೇ ಈ ಓಟದ ಹೆಚ್ಚುಗಾರಿಕೆ ಅನ್ನಿಸುತ್ತದೆ.

ಈಗ ದೂರುಗಳು. ಮೊದಲನೆಯದು ವೇಳಾಪಟ್ಟಿ. ಅಚ್ಚು ಹಾಕಿದ ಹಾಳೆಯಲ್ಲಿ ಬೆಳಿಗ್ಗೆ ಹತ್ತು ಅಂತ ಇದ್ದ ಓಟ ಶುರುವಾದದ್ದು ಮಧ್ಯಾಹ್ನ ಊಟದ ನಂತರ. ನೆರಳಿಲ್ಲ, ಕುಡಿಯುವ ನೀರಿಲ್ಲ, ಯಾಕೆ ತಡ ಅಂತ ಹೇಳುವವರಿಲ್ಲ. ಪುಟ್ಟ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಂದು ಕುಟುಂಬ ಕಾದು ಕಾದು ಹೋಗಿಯೇ ಬಿಟ್ಟಿತು. ನನಗೆ ನಿಜವಾಗಿಯೂ ಬೇಸರವಾಯಿತು. ದೋಣಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಇಲ್ಲಿ ನೀರು ಮೂರು ಮೀಟರಿನಷ್ಟು ಏರಿ ಇಳಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಹತ್ತಿರವಂತೂ ಸೆಳೆತ ಜೋರು. ಇಳಿತದಲ್ಲಿ ಕಾಲುವೆಯ ಅಂಚಿನ ಮರಳು ದಿಣ್ಣೆಗಳು ಮೇಲೆ ಬರುತ್ತವೆ, ಓಟ ಆಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಪಂಚಾಂಗದ ಹಾಗೆ ಮೊದಲೇ ಲೆಕ್ಕ ಸಿಗುತ್ತದೆ. ಹಾಗಿದ್ದ ಮೇಲೆ ಆ ಸಮಯವನ್ನೇ ಹಾಳೆಯಲ್ಲಿ ಹಾಕಬಹುದಲ್ಲ? ನೀವು ಮಾಡಬೇಕಾದದ್ದು ಇಷ್ಟು: ಹಾಳೆ ನಂಬಬೇಡಿ. ದಡದಲ್ಲಿ ಯಾವ ಮೀನುಗಾರನನ್ನಾದರೂ ‘ನಾಳೆ ಭರತ ಎಷ್ಟು ಹೊತ್ತಿಗೆ?’ ಅಂತ ಕೇಳಿ. ಅದರ ಆಸುಪಾಸಿನಲ್ಲೇ ಓಟ.

ಎರಡನೆಯದು ದಲ್ಲಾಳಿಗಳು. ಓಟವನ್ನು ನೀರಿನ ಮೇಲಿಂದ ನೋಡಬೇಕೆಂದರೆ ಇಂಜಿನ್ ದೋಣಿ ಬಾಡಿಗೆಗೆ ಬೇಕು. ನೀವು ಜೆಟ್ಟಿಯಲ್ಲಿ ಕಾಲಿಟ್ಟರೆ ನಾಲ್ಕು ಜನ ಸುತ್ತುವರಿಯುತ್ತಾರೆ. ನನಗೆ ಒಬ್ಬ 5000 ಶಿಲಿಂಗ್ ಹೇಳಿದ. ನೇರವಾಗಿ ದೋಣಿಯವನ ಹತ್ತಿರ ಹೋಗಿ ಮಾತಾಡಿದರೆ 2000ಕ್ಕೆ ಬಂದ. ಅದರಲ್ಲಿ ಬೇರೆ ಇಬ್ಬರೊಂದಿಗೆ ಹಂಚಿಕೊಂಡೆವು. ಫೋನಿನಲ್ಲೇ ಹಣ ಕಳಿಸುವ ಎಂ-ಪೇಸಾದಲ್ಲಿ ಅವನ ಫೋನಿಗೇ ಹಾಕಿದರೆ ಹಣ ಮಧ್ಯದಲ್ಲಿ ಸೋರುವುದಿಲ್ಲ.

ನೀರಿನ ಮೇಲಿಂದ ನೋಡೋದಾ, ದಡದಿಂದ ನೋಡೋದಾ ಅಂದರೆ, ನಾನು ಮೊದಲ ತಿರುವನ್ನು ನೀರಿನಿಂದ, ಕೊನೆಯನ್ನು ದಡದಿಂದ ನೋಡಿ ಅಂತ ಹೇಳುತ್ತೇನೆ. ನೀರಿನ ಮೇಲೆ ಹಾಯಿಯ ಸದ್ದು, ಹುಡುಗರ ಉಸಿರು ಎಲ್ಲ ಕೇಳಿಸುತ್ತದೆ. ಆದರೆ ಊರು ಕುಣಿಯುವುದು ದಡದ ಮೇಲೆ. ಪ್ರೇಕ್ಷಕರ ದೋಣಿಗಳು ಓಟದ ದಾರಿಗೆ ಅಡ್ಡ ಬರುವುದು ಮಾತ್ರ ದೊಡ್ಡ ತೊಂದರೆ. ಕ್ಯಾಮೆರಾ ಹಿಡಿದವರ ಒಂದು ಸ್ಪೀಡ್ ಬೋಟ್ ಎಬ್ಬಿಸಿದ ಅಲೆಗೆ ಓಟದ ದೋಣಿಯೊಂದು ನೀರು ತುಂಬಿಕೊಂಡು ಹಿಂದೆ ಬಿತ್ತು. ವರ್ಷವಿಡೀ ಕಾದ ಹುಡುಗರಿಗೆ ಎಷ್ಟು ಹೊಟ್ಟೆ ಉರಿದಿರಬೇಕು! ನಿಮ್ಮ ದೋಣಿಯವನಿಗೆ ದೂರ ನಿಲ್ಲಿಸಲು ಮೊದಲೇ ಹೇಳಿ.

ಕತ್ತೆ ಓಟ ಬಹಳ ಜನಪ್ರಿಯ. ಸಮುದ್ರದ ಮುಂದಿನ ಬೀದಿಯಲ್ಲಿ ಜನ ಕಿಕ್ಕಿರಿದು ನಿಲ್ಲುತ್ತಾರೆ, ಹುಡುಗರು ಬರೀ ಬೆನ್ನಿನ ಮೇಲೆ ಕೂತು ಓಡಿಸುತ್ತಾರೆ. ನನಗೆ ಪೂರ್ತಿ ಒಗ್ಗಲಿಲ್ಲ, ಕೆಲವರ ಕೋಲಿನ ಏಟು ನೋಡಲಾಗಲಿಲ್ಲ. ಇಲ್ಲಿ 1987ರಿಂದ ಕತ್ತೆಗಳಿಗೆ ಉಚಿತ ಚಿಕಿತ್ಸೆ ಕೊಡುವ ಡಾಂಕಿ ಸ್ಯಾಂಕ್ಚುಯರಿ ಇದೆ. ಚೆನ್ನಾಗಿ ಸಾಕಿದ ಕತ್ತೆಗೆ ಬಹುಮಾನ ಕೊಡುವ ಪದ್ಧತಿಯನ್ನೂ ಅವರು ಬೆಳೆಸಿದ್ದಾರೆ. ಓಟಕ್ಕಿಂತ ನನಗೆ ಆ ಬಹುಮಾನವೇ ಹೆಚ್ಚು ಇಷ್ಟವಾಯಿತು.

ಕೋಟೆಯ ಮುಂದಿನ ಚೌಕದಲ್ಲಿ ನಡೆಯುವ ‘ಬಾವೊ’ ಆಟವನ್ನು ನೋಡದೆ ಬರಬೇಡಿ. ನಮ್ಮ ಕರಾವಳಿಯವರಿಗೆ ನೋಡಿದ ಕೂಡಲೇ ಚೆನ್ನೆಮಣೆ ನೆನಪಾಗುತ್ತದೆ. ನಮ್ಮದರಲ್ಲಿ ಎರಡು ಸಾಲು, ಹದಿನಾಲ್ಕು ಗುಳಿ. ಇದರಲ್ಲಿ ನಾಲ್ಕು ಸಾಲು, 32 ಗುಳಿ, 64 ಬೀಜ. ಆಷಾಢದ ಮಳೆಗೆ ಜಗಲಿಯಲ್ಲಿ ಹುಣಸೆ ಬೀಜ ಹಿಡಿದು ಆಡಿದ ನಾನು ಸ್ವಲ್ಪ ಅರ್ಥವಾಗಬಹುದು ಅಂದುಕೊಂಡಿದ್ದೆ. ಇಲ್ಲಿನ ಹಿರಿಯರು ಕೈ ಎತ್ತಿ ಇಡುವ ವೇಗಕ್ಕೆ ಲೆಕ್ಕ ಹಿಡಿಯಲಾಗಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ಶುಂಠಿ ಹಾಕಿದ ಕಪ್ಪು ಕಾಫಿ ಕೊಡಿಸಿ, ಮೂರು ನಾಲ್ಕು ನಡೆಗಳನ್ನು ಸಮಾಧಾನದಿಂದ ವಿವರಿಸಿದರು. ಅವರ ಹೆಸರೂ ಕೇಳಲಿಲ್ಲ. ಹೀಗೆ ಸುಮ್ನೆ ಕೂತವರ ಜೊತೆ ಮಾತಿಗಿಳಿಯುವ ಜನ ಇಲ್ಲಿ ಬಹಳ. ವೇದಿಕೆಯ ಮೇಲೆ ಧ್ವನಿವರ್ಧಕ ಹಾಕಿ ನಡೆಸಿದ ನೃತ್ಯಗಳು ಗಡಿಬಿಡಿಯಲ್ಲಿ ಮುಗಿದವು, ಹೆಚ್ಚು ಹೇಳಲು ಏನಿಲ್ಲ.

ಊಟದ ಬಗ್ಗೆ ಚಿಂತೆ ಬೇಡ. ಬೆಳಿಗ್ಗೆ ಬೀದಿಯಲ್ಲಿ ಮಹಾಮ್ರಿ ಮತ್ತು ‘ಎಂಬಾಝಿ ವಾ ನಾಝಿ’ ಸಿಗುತ್ತದೆ, ಅಂದರೆ ಏಲಕ್ಕಿ ಹಾಕಿ ಕರಿದ ಉಬ್ಬು ರೊಟ್ಟಿ ಮತ್ತು ತೆಂಗಿನ ಹಾಲಿನಲ್ಲಿ ಬೆಂದ ತೊಗರಿ ಕಾಳು. ಸಸ್ಯಾಹಾರಿಗಳು ಇದೊಂದರಲ್ಲೇ ಹಾಯಾಗಿ ದಿನ ಕಳೆಯಬಹುದು. ಮೀನು ತಿನ್ನುವವರಿಗೆ ಕೆಂಡದ ಮೇಲೆ ಸುಟ್ಟು ತೆಂಗಿನ ಹಾಲಿನ ಮಸಾಲೆ ಬಳಿದ ‘ಸಮಾಕಿ ವಾ ಕುಪಾಕಾ’. ಹುಣಸೆ ಹಣ್ಣಿನ ತಣ್ಣನೆಯ ಶರಬತ್ತು ಆ ಬಿಸಿಲಿಗೆ ಅಮೃತ. ಹಬ್ಬದ ಸ್ಟಾಲುಗಳಲ್ಲಿ ಬೆಲೆ ಜಾಸ್ತಿ, ರುಚಿ ಕಡಿಮೆ. ಎರಡು ಗಲ್ಲಿ ಒಳಗೆ ಹೋಗಿ ತಿನ್ನಿ.

ಇದು ಮುಸ್ಲಿಮರ ಊರು, ಮಸೀದಿಗಳು ಹೆಜ್ಜೆಗೊಂದು. ಪಟ್ಟಣದಲ್ಲಿ ಮೈ ಮುಚ್ಚುವ ಬಟ್ಟೆ ಹಾಕಿ, ಹೆಂಗಸರ ಫೋಟೋ ತೆಗೆಯುವ ಮುಂಚೆ ಕೇಳಿ. ಹಬ್ಬದ ವಾರದಲ್ಲಿ ಕೋಣೆಗಳು ಬೇಗ ತುಂಬುತ್ತವೆ. ಹಳೆಯ ಪಟ್ಟಣದಲ್ಲಿ ಉಳಿದರೆ ಗದ್ದಲ ಇರುತ್ತದೆ, ಆದರೆ ಎಲ್ಲದಕ್ಕೂ ಹತ್ತಿರ. ಅದೇ ದ್ವೀಪದ ಶೇಲಾ ಹಳ್ಳಿ ಸುಮಾರು 3 ಕಿ.ಮೀ. ದೂರ, ಶಾಂತ, ದುಬಾರಿ, ಉದ್ದನೆಯ ಮರಳಿನ ತೀರ. ನನ್ನ ಆಯ್ಕೆ ಪಟ್ಟಣವೇ, ಮಾಳಿಗೆ ಇರುವ ಮನೆ ಸಿಕ್ಕರೆ ರಾತ್ರಿ ಗಾಳಿ ಬರುತ್ತದೆ.

ಭದ್ರತೆ ವಿಷಯ ಮುಚ್ಚಿಡಬಾರದು. 2014ರ ಜೂನ್‌ನಲ್ಲಿ ಒಳನಾಡಿನ ಎಂಪೆಕೆಟೋನಿಯಲ್ಲಿ ಭೀಕರ ದಾಳಿ ನಡೆದಿತ್ತು. ಆಮೇಲೆ ವರ್ಷಗಟ್ಟಲೆ ಲಾಮುವಿಗೆ ಪ್ರವಾಸಿಗರು ಬರುವುದೇ ಕಮ್ಮಿಯಾಗಿ ದೋಣಿಯವರು ಬಹಳ ಕಷ್ಟಪಟ್ಟರು. ದ್ವೀಪದಲ್ಲಿ ನನಗೆ ಯಾವ ಭಯವೂ ಆಗಲಿಲ್ಲ. ಆದರೂ ಹೊರಡುವ ಮುಂಚೆ ಸರ್ಕಾರದ ಸೂಚನೆಗಳನ್ನು ಓದಿ, ಮಾಲಿಂಡಿಯಿಂದ ರಸ್ತೆಯಲ್ಲಿ ಹೋಗುವುದಕ್ಕಿಂತ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹಾರುವುದು ವಾಸಿ. ಇಳಿಯುವುದು ಮಾಂಡಾ ದ್ವೀಪದಲ್ಲಿ, ಅಲ್ಲಿಂದ ದೋಣಿ. ಚಿಕ್ಕ ವಿಮಾನ, ಸಾಮಾನು ಕಡಿಮೆ ಇರಲಿ. ಟಿಕೆಟ್ ತೆಗೆಯುವ ಮುಂಚೆ ಆ ವರ್ಷದ ದಿನಾಂಕ ಗಟ್ಟಿಯಾಗಿದೆಯಾ ಅಂತ ಕೇಳಿಕೊಳ್ಳಿ. ನವೆಂಬರ್ ಆಗದವರಿಗೆ ಪ್ರವಾದಿಯ ಹುಟ್ಟುಹಬ್ಬದ ಮೌಲಿದಿ ಉತ್ಸವವೂ ಇದೆ, ಅದರಲ್ಲೂ ಹಾಯಿ ದೋಣಿಗಳು ಓಡುತ್ತವೆ.

ಮಾಂಡಾ ಕೊಲ್ಲಿಯಲ್ಲಿ ಹೊಸ ಬಂದರು ಬಂದಿದೆ, ಅದರ ಮೊದಲ ಧಕ್ಕೆ 2021ರಲ್ಲಿ ತೆರೆಯಿತು. ಮೀನು ಸಿಗುವ ಜಾಗ ಹೋಯಿತು ಅನ್ನುವ ಸಂಕಟ ದೋಣಿಯವರ ಬಾಯಲ್ಲಿ ಪದೇ ಪದೇ ಬರುತ್ತದೆ. ಹಾಗಂತ ದೋಣಿ ಕಟ್ಟುವವರು ಕೈ ಕಟ್ಟಿ ಕೂತಿಲ್ಲ. ಇಲ್ಲಿನ ಅಲಿ ಸ್ಕಂದಾ ಮತ್ತು ಅವರ ಜೊತೆಗಾರರು ಬಿಸಾಡಿದ ಪ್ಲಾಸ್ಟಿಕ್ಕಿನಿಂದಲೇ ‘ಫ್ಲಿಪ್‌ಫ್ಲೋಪಿ’ ಅನ್ನುವ ಹಾಯಿ ದೋಣಿ ಕಟ್ಟಿ 2018ರಲ್ಲಿ ನೀರಿಗಿಳಿಸಿದರು. ಮೈಗೆ ಸುಮಾರು 30,000 ಹಳೆಯ ಹವಾಯಿ ಚಪ್ಪಲಿಗಳ ತುಂಡು. ಮರುವರ್ಷ ಅದು ಜಂಜಿಬಾರ್‌ವರೆಗೆ ಹೋಯಿತು. ಹಲಗೆ ಜೋಡಿಸುವ ಹಳೆಯ ವಿದ್ಯೆಯನ್ನೇ ಪ್ಲಾಸ್ಟಿಕ್ಕಿಗೂ ಬಳಸಿದ್ದಾರೆ. ದೋಣಿ ಅಂದರೆ ಪ್ರಾಣ ಅನ್ನುವವರು ಅದರ ಬಗ್ಗೆ ವಿಚಾರಿಸಿ.

ಓಟ ಮುಗಿದ ಕೂಡಲೇ ಮರುದಿನದ ವಿಮಾನ ಹಿಡಿಯಬೇಡಿ, ಒಂದು ದಿನ ಇರಿ. ಓಟಕ್ಕೆ ಬಂದ ಎಷ್ಟೋ ದೋಣಿಗಳು ಮರುದಿನ ಬಾಡಿಗೆಗೆ ಸಿಗುತ್ತವೆ. ನಹೋದಾನ ಜೊತೆಯೇ ಮಾತಾಡಿ, ಇಂಜಿನ್ ಹಾಕದೆ ಹಾಯಿಯಲ್ಲೇ ಒಯ್ಯಬೇಕು ಅಂತ ಮೊದಲೇ ಒಪ್ಪಿಸಿ. ಕಾಂಡ್ಲಾ ಕಾಡಿನ ಕಾಲುವೆಯಲ್ಲಿ ಸಾಯಂಕಾಲದ ತನಕ ಸುತ್ತಿಸುತ್ತಾರೆ, ಕೇಳಿದರೆ ದಬ್ಬೆ ತಿರುಗಿಸುವ ಹಗ್ಗವನ್ನು ನಿಮ್ಮ ಕೈಗೂ ಕೊಡುತ್ತಾರೆ. ಅಂಗೈ ಸುಡುತ್ತದೆ, ಗಟ್ಟಿಯಾಗಿ ಹಿಡಿಯಿರಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಇಲ್ಲ ಅಂದರೆ ಬೇರೆ ದೋಣಿ ನೋಡಿ.